ಅವ್ವನ ಹೆಸರು ತೆಗೆಸಿದ ಮೇಲೆ

ಆಸ್ಪತ್ರೆಯ ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ತಲೆಯೆತ್ತಿ, "ಇವರ ಹೆಸರು ಯಾವ ರೇಷನ್ ಕಾರ್ಡಲ್ಲೂ ಇಲ್ವಲ್ಲಮ್ಮ" ಎಂದಳು. ಎಲ್ಲೂ ಇಲ್ಲದ ನನ್ನವ್ವ ನನ್ನ ಹೆಗಲಿಗೆ ಒರಗಿ, ನೋವಿಗೆ ಹಲ್ಲು ಕಚ್ಚಿ ಕೂತಿದ್ದಳು. ನಾವು ಹಳೇಬೀಡಿಗೆ ಬಂದು ಆಗ ಎಂಟು ತಿಂಗಳು.

ನಾವು ಗದಗಿನ ಕಡೆಯವರು. ಗಂಡ ತೀರಿಕೊಂಡ ಮೇಲೆ ನಾನು ಅಣ್ಣನ ಮನೆಯಲ್ಲಿದ್ದೆ. ಹಳೇಬೀಡಿನ ಹೋಟೆಲೊಂದಕ್ಕೆ ಜೋಳದ ರೊಟ್ಟಿ ಬಡಿಯುವವರು ಬೇಕಾಗಿದ್ದರು. ಗುಡಿ ನೋಡಲು ನಮ್ಮ ಕಡೆಯಿಂದ ಬರುವ ಪ್ರವಾಸಿಗಳು ರೊಟ್ಟಿಯನ್ನೇ ಕೇಳುತ್ತಾರಂತೆ. ಹೀಗೆ ನಮ್ಮವರಿಗೆ ರೊಟ್ಟಿ ಬಡಿಯಲು ನಮ್ಮವರನ್ನೇ ಬಿಟ್ಟು ಬಂದೆ. ನಾನೊಬ್ಬಳೇ ಆಗುತ್ತೇನೆಂದು ಅವ್ವನೂ ಹೊರಟಳು.

ಹೊರಡುವ ಮುಂಚೆ ಅವಳು ಹಿಡಿದದ್ದು ಒಂದೇ ಹಟ. ಅಣ್ಣನ ಬಿಪಿಎಲ್ ಕಾರ್ಡಿನಿಂದ ನಮ್ಮಿಬ್ಬರ ಹೆಸರು ತೆಗೆಸಬೇಕು. "ಇರೂದು ಅಲ್ಲಿ, ಅಕ್ಕಿ ಇಲ್ಲಿ. ಅಂಥಾ ಸುಳ್ಳ ಬ್ಯಾಡವಾ" ಎಂದಳು. ಜೀವಮಾನದಲ್ಲಿ ಬಸ್ಸಿನಲ್ಲಿ ಟಿಕೆಟ್ ತಪ್ಪಿಸಿದವಳಲ್ಲ. ತೆಗೆಸಿದೆವು. ಕಾರ್ಡು ಎಂದರೆ ಅಕ್ಕಿ ಎಂದೇ ನಾವು ತಿಳಿದಿದ್ದೆವು.

ಊರಲ್ಲಿ ಮನೆ ಮುಂದಿನ ಕಟ್ಟೆಯ ಮೇಲೆ ಕೂತರೆ ಅವ್ವನ ಮಾತಿಗೆ ನಾಲ್ಕು ಮಂದಿ ಸೇರುತ್ತಿದ್ದರು. ಇಲ್ಲಿ ಅವಳು ಬಾಯಿ ತೆರೆದರೆ ಓಣಿಯ ಮಕ್ಕಳು ನಗುತ್ತಿದ್ದವು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ನಮಗೆ ಕಲಿಸಿದವರು ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಮಾದಿಹಳ್ಳಿಯ ಜಯಮ್ಮ. ಮೊದಲ ದಿನ ಅವ್ವನ ಗಂಟಲಲ್ಲಿ ಸಿಕ್ಕಿಕೊಂಡಿತು. ಮೂರನೇ ತಿಂಗಳಿಗೆ ತಾನೇ ಕೇಳಿ ಹಾಕಿಸಿಕೊಂಡಳು. ನಮ್ಮ ದೊಡ್ಡ ಗೆಲುವೆಂದರೆ ಅಷ್ಟೇ.

ಆಮೇಲೆ ಸೊಂಟದ ನೋವು ಶುರುವಾಯಿತು. ಕೀಲು ಪೂರಾ ಸವೆದಿದೆ, ಬದಲಿಸಬೇಕು, ಮಲಗಿದಷ್ಟೂ ಕಾಲಿನ ಶಕ್ತಿ ಹೋಗುತ್ತದೆ ಎಂದರು ಡಾಕ್ಟರು. ಕಾರ್ಡು ಕೇಳಿದ್ದು ಆಗಲೇ. ಬಿಪಿಎಲ್ ಕಾರ್ಡಿನಲ್ಲಿ ಹೆಸರಿದ್ದರೆ ಇಂಥ ಆಪರೇಷನ್ನಿನ ಖರ್ಚನ್ನು ಸರ್ಕಾರದ ಆರೋಗ್ಯ ವಿಮೆ ನೋಡಿಕೊಳ್ಳುತ್ತದೆ. ಇಲ್ಲದವರಿಗೆ ಸಿಗುವುದು ಸ್ವಲ್ಪ ಪಾಲು ಮಾತ್ರ. ಉಳಿದದ್ದು ನನ್ನಂಥವಳ ಕೈಗೆ ಎಟುಕುವಂಥದ್ದಲ್ಲ.

ಜಯಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ, ಯಾಕಕ್ಕ ತೆಗ್ಸೋಕೋದ್ರಿ? ಅಕ್ಕಿ ಬ್ಯಾಡ ಅಂದ್ರೆ ಬಿಡಿ, ಆಸ್ಪತ್ರೆಗೂ ಅದೇ ಕಾರ್ಡು ಕಣಕ್ಕ. ನಮ್ ಕಡೆ ಸತ್ತೋರ್ ಹೆಸ್ರು ತೆಗ್ಸೋಕೂ ಮೀನಮೇಷ ಎಣಿಸ್ತಾರೆ!"

ಹೊಸ ಕಾರ್ಡಿಗಾಗಿ ಬೇಲೂರಿನ ತಾಲೂಕು ಕಚೇರಿಗೆ ಅಲೆದೆ. "ಹೊಸ ಅರ್ಜಿ ಈಗ ತಗೊತಿಲ್ಲ ಕಣಮ್ಮ, ಮುಂದಿನ ತಿಂಗಳು ಬಂದು ನೋಡಿ" ಎನ್ನುತ್ತಿದ್ದರು. ಇರುವ ಕಾರ್ಡಿಗೆ ಹೆಸರು ಸೇರಿಸಬಹುದಿತ್ತು, ತನ್ನ ಕಾರ್ಡಿಗೇ ಮತ್ತೆ ಸೇರಿಸುತ್ತೇನೆ, ಬನ್ನಿ ಎಂದು ಅಣ್ಣನೂ ಕರೆಯುತ್ತಿದ್ದ. ಆದರೆ ಈ ಊರಲ್ಲಿ ನಮ್ಮದೇ ಒಂದು ಕಾರ್ಡಾಗಲಿ, ನಾವೂ ಇಲ್ಲಿಯವರಾಗಲಿ ಎಂಬ ಆಸೆ ನನ್ನನ್ನು ಬಿಡಲಿಲ್ಲ. ಆ ಆಸೆಯಲ್ಲಿ ನಾಲ್ಕು ತಿಂಗಳು ಕಳೆದೆ. ಅವ್ವನ ತೊಡೆ ನನ್ನ ಮುಂಗೈಯಷ್ಟಾಯಿತು. ಈ ತಪ್ಪಿಗೆ ನನಗೆ ನಾನೇ ಕ್ಷಮೆ ಕೊಟ್ಟಿಲ್ಲ.

ಕೊನೆಗೆ ಅಣ್ಣ ಬಂದ. ಅರಸೀಕೆರೆ ಸ್ಟೇಷನ್ನಿನಲ್ಲಿ ಅವ್ವನನ್ನು ಕುರ್ಚಿ ಸಮೇತ ಎತ್ತಿ ರೈಲು ಹತ್ತಿಸಿದೆವು. "ನೀ ಚಂದಗೆ ಉಣ್ಣು" ಎಂದಳು, ಕಿಟಕಿಯ ಸರಳು ಹಿಡಿದು. ಮನೆಗೆ ಬಂದರೆ ಎರಡು ತಟ್ಟೆಗಳಿದ್ದವು. ಒಂದನ್ನು ಕಣ್ಣಿಗೆ ಕಾಣದ ಹಾಗೆ ಎತ್ತಿಟ್ಟೆ.

ಅಲ್ಲಿ ಅವಳ ಹೆಸರು ಮತ್ತೆ ಸೇರಿತು, ಆಪರೇಷನ್ನೂ ಆಯಿತು. ಆದರೆ ತಡವಾಗಿತ್ತು. ವಾಕರ್ ಹಿಡಿದು ಹಾಸಿಗೆಯಿಂದ ಹೊಸ್ತಿಲವರೆಗೆ ಬರುತ್ತಾಳೆ, ಅಷ್ಟೇ. ಹೊಸ್ತಿಲು ದಾಟಿದರೆ ಕಟ್ಟೆ. ಅಲ್ಲಿಗೆ ಅವಳ ಕಾಲು ಬರುವುದಿಲ್ಲ. ಹಳೇಬೀಡಿಗಂತೂ ಇನ್ನು ಬರಲಾರಳು.

ನೋಡಲು ಹೋದಾಗ ಅಣ್ಣ ನನ್ನ ಹೆಸರನ್ನೂ ಸೇರಿಸೋಣವೆಂದ. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಸೇರಿಸಿದರೆ ಹಳೇಬೀಡಿನ ಆಸೆ ಮುಗಿದಂತೆ. ಬಿಟ್ಟರೆ ನಾಳೆ ನಾನು ಬಿದ್ದ ದಿನ ಗತಿಯೇನು? ಅವನು ಅರ್ಜಿ ಹಾಕಿಯೇಬಿಟ್ಟ. ಮರುದಿನ ವಿಚಾರಣೆಗೆ ಆಹಾರ ಇಲಾಖೆಯವರೊಬ್ಬರು ಮನೆಗೇ ಬಂದರು. "ಇವರು ಕಾಯಂ ಇಲ್ಲೇ ಇರ್ತಾರೇನ್ರಿ?" ಎಂದು ಕೇಳಿದರು.

ನನ್ನ ಚೀಲ ಬಾಗಿಲ ಬಳಿಯೇ ಇತ್ತು. ಮಧ್ಯಾಹ್ನದ ರೈಲಿಗೆ ಹೊರಡಬೇಕಿತ್ತು, ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಹಿಟ್ಟು ನಾದಬೇಕಿತ್ತು.

ಹೊಸ್ತಿಲ ಬಳಿ ವಾಕರ್ ಹಿಡಿದು ನಿಂತಿದ್ದ ಅವ್ವ ಚೀಲವನ್ನು ಸೀರೆಯ ನೆರಿಗೆಯಿಂದ ಮರೆ ಮಾಡಿದಳು.

"ಹೌದ್ರಿ," ಎಂದಳು. "ಇಲ್ಲೇ ಇರ್ತಾಳ್ರಿ. ನನ್ನ ಬಿಟ್ಟು ಆಕಿ ಎಲ್ಲಿ ಹೋಗ್ತಾಳ್ರಿ?"