ಹೊಟ್ಟೆ ಉಬ್ಬಿದ ಕಾರು

ನನ್ನ ಗಂಡ ದೇವದುರ್ಗದಲ್ಲಿ ದನದ ಡಾಕ್ಟರು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಅದೇ ಕುರಿಗಳಿಗೆ ಸೂಜಿ ಚುಚ್ಚುವಷ್ಟು ಓದಿದ ಮೊದಲಿಗರು. ಗಂಡನ ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ, ಆದ್ದರಿಂದ ಇಲ್ಲಿಯೂ ಇವರು ಎಂದೇ ಬರೆಯುತ್ತೇನೆ. ಎಪ್ಪತ್ತರ ದಶಕದ ಕೊನೆಗೆ ಇವರಿಗೆ ಕಾರಿನ ಹುಚ್ಚು ಹಿಡಿಯಿತು. ರಾಯಚೂರಿನ ಮುದಿ ವಕೀಲರೊಬ್ಬರ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ, ಕೋಳಿಗಳು ಮೊಟ್ಟೆ ಇಡುತ್ತಿದ್ದ ಹಳೇ ಇಂಗ್ಲಿಷ್ ಕಾರು ಅದು. ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ಬಂದದ್ದಂತೆ. ಕೋಳಿಗಳನ್ನು ಇಳಿಸಿ ಇವರು ಹತ್ತಿದರು.

ನಾನು ಮಾನ್ವಿಯವಳು, ದೇವದುರ್ಗದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಕಾರು ಬಂದ ಮೇಲೆ ತವರಿಗೆ ಹೋಗುವುದೆಂದರೆ ದಾರಿಯ ಬಾವಿಗಳಿಗೆಲ್ಲ ಭೇಟಿ ಕೊಡುವುದು ಎಂದಾಯಿತು. ಸ್ವಲ್ಪ ದೂರ ಓಡಿದರೆ ಸಾಕು, ಮುಂಭಾಗದಿಂದ ಬುಸ್ಸೆಂದು ಉಗಿ. ಇವರು ಕೊಡ ಹಿಡಿದು ಇಳಿಯುವುದು, ನೀರು ಸೇದುವುದು, ರೇಡಿಯೇಟರಿಗೆ ಸುರಿಯುವುದು. ತಡವಾಗಿ ತಲುಪಿದರೆ ನನ್ನ ಅಪ್ಪ ಎಷ್ಟು ತಾಸು ಹಿಡಿಯಿತು ಎಂದು ಕೇಳುತ್ತಿರಲಿಲ್ಲ. “ಇವತ್ತ ಎಷ್ಟು ಬಾವಿ ಆದವ್ರೀ ಅಳಿಯಂದ್ರ?” ಎನ್ನುತ್ತಿದ್ದರು. ಇವರು ನಗುತ್ತಿರಲಿಲ್ಲ.

ನನ್ನ ಅತ್ತೆ ಆ ಕಾರಿನಲ್ಲಿ ತಾವಾಗಿ ಕೂತದ್ದು ಒಂದೇ ಸಲ. ಕಾರು ಕೊಂಡ ವಾರವೇ ದೇವಸುಗೂರಿನ ಗುಡಿಯ ಮುಂದೆ ಪೂಜೆ ಮಾಡಿಸಬೇಕೆಂದು ಹೊರಟೆವು. ಮೂರನೆಯ ಸಲ ಬುಸ್ಸೆಂದಾಗ ಅತ್ತೆ ಸೆರಗು ಕೊಡವಿ ಇಳಿದರು. “ಹೆಜ್ಜಿಗೊಮ್ಮೆ ನೀರು ಕೇಳೋ ದನಾನ ನಮ್ಮಪ್ಪ ಸಂತ್ಯಾಗೂ ಕೊಳ್ಳಲಿಲ್ಲ” ಎಂದು ಹೇಳಿ, ಹಿಂದೆ ಬಂದ ಬಸ್ಸಿಗೆ ಕೈ ಮಾಡಿ ಹತ್ತಿ ಹೋದರು. ನಾವು ದೇವಸುಗೂರು ಮುಟ್ಟುವ ಹೊತ್ತಿಗೆ ಅವರು ಕಾಯಿ ಒಡೆಸಿ, ಪ್ರಸಾದ ಕಟ್ಟಿಕೊಂಡು, ಗುಡಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ಅಲ್ಲಿಂದ ಮುಂದೆ ನಾಲ್ಕು ವರ್ಷ ಆ ಕಾರಿನ ಬಾಗಿಲು ಮುಟ್ಟಲಿಲ್ಲ.

ಇವರೂ ಸುಮ್ಮನೆ ಕೂಡಲಿಲ್ಲ. ಸೋರಿಕೆಗೆ ಅರಿಷಿಣ ಒಳ್ಳೆಯದೆಂದು ಯಾರೋ ಲಾರಿ ಡ್ರೈವರ್ ಹೇಳಿದನಂತೆ. ಹಬ್ಬದ ಮುಂದೆ ನನ್ನ ಅರಿಷಿಣದ ಡಬ್ಬಿ ತೆಗೆದರೆ ಖಾಲಿ. ಎಲ್ಲಾ ರೇಡಿಯೇಟರಿನ ಹೊಟ್ಟೆ ಸೇರಿತ್ತು. ರಾಯಚೂರಿನ ಮಿಸ್ತ್ರಿಯೊಬ್ಬರು ಇನ್ನೊಂದು ವೈದ್ಯ ಮಾಡಿದರು. ಇಂಜಿನ್ನಿನ ಮೇಲುಗಡೆ, ನೀರು ಹೊರಬರುವ ದಾರಿಯಲ್ಲಿ, ಅಂಗೈಯಗಲದ ಹಿತ್ತಾಳೆಯ ಬಿಲ್ಲೆಯೊಂದು ಇರುತ್ತದೆ. ಅದಕ್ಕೆ ಥರ್ಮೋಸ್ಟಾಟ್ ಎನ್ನುತ್ತಾರೆ. ಇಂಜಿನ್ ಕಾಯುವವರೆಗೆ ಮುಚ್ಚಿಕೊಂಡಿದ್ದು, ಕಾದ ಮೇಲೆ ಬಾಯಿ ಬಿಟ್ಟು ನೀರನ್ನು ರೇಡಿಯೇಟರಿಗೆ ಬಿಡುವುದು ಅದರ ಕೆಲಸ. ಮಿಸ್ತ್ರಿ ಅದನ್ನು ಕಿತ್ತು ಇವರ ಅಂಗೈಯಲ್ಲಿಟ್ಟು ಹೇಳಿದರಂತೆ: “ಸಾಹೇಬ್ರ, ಇದು ಠಂಡಿ ಮುಲ್ಕಿನ ಸಾಮಾನು. ನಮ್ಮ ರಾಯಚೂರು ಬಿಸಲಾಗ ಇದ್ರದೇನು ಕೆಲಸ ಅದ್ರೀ? ಬಿಸಾಕ್ರಿ.” ಆ ಕಾಲದಲ್ಲಿ ನಮ್ಮ ಕಡೆ ಯಾವ ಕಾರು ಬಂದರೂ ಮೊದಲು ಆಗುತ್ತಿದ್ದದ್ದು ಈ ಸಂಸ್ಕಾರವೇ. ಬಿಲ್ಲೆ ಹೋದ ಮೇಲೆ ನಮ್ಮ ಕಾರು ಇನ್ನೂ ಬೇಗ ಕುದಿಯತೊಡಗಿತು. ನೀರು ರೇಡಿಯೇಟರಿಗೆ ಹೋಗುವ ಬದಲು ಅಡ್ಡದಾರಿ ಹಿಡಿದು ಇಂಜಿನ್ನಿನಲ್ಲೇ ಸುತ್ತುತ್ತಿತ್ತೆಂದು ಇವರಿಗೆ ತಿಳಿದದ್ದು, ವಕೀಲರು ಕೊಟ್ಟಿದ್ದ ಇಂಗ್ಲಿಷ್ ಪುಸ್ತಕವನ್ನು ಪಾರಾಯಣ ಮಾಡಿದ ಮೇಲೆ.

ಇಷ್ಟೆಲ್ಲ ಕಾರಿನ ನಾಡಿ ಹಿಡಿದು ಕೂತಿದ್ದ ಮನೆಯಲ್ಲಿ ಇನ್ನೊಂದು ನಡೆಯುತ್ತಿತ್ತು, ನಮಗೆ ಗೊತ್ತಾಗಲಿಲ್ಲ. ಅತ್ತೆಯ ಎಡಗಣ್ಣು ಚಿಕ್ಕಂದಿನಲ್ಲೇ ಜಾಲಿಮುಳ್ಳು ಬಡಿದು ಹೋಗಿತ್ತು. ಉಳಿದ ಬಲಗಣ್ಣಿಗೆ ಪೊರೆ ಬರುತ್ತಿತ್ತು. ಒಂದು ದಿನ ಅವರು ಚಹಾ ಸೋಸುವಾಗ ಕಪ್ಪಿನ ಪಕ್ಕದಲ್ಲಿ, ನೆಲದ ಮೇಲೆ, ನಿಧಾನವಾಗಿ ಸುರಿಯುತ್ತಿದ್ದುದನ್ನು ನೋಡಿದೆ. ಆಮೇಲೆ ನೆನಪಾಯಿತು, ತಿಂಗಳುಗಟ್ಟಲೆಯಿಂದ ಅಕ್ಕಿಯ ಕಲ್ಲನ್ನು ಅವರು ಬೆರಳಿನಿಂದಲೇ ಹುಡುಕುತ್ತಿದ್ದರು.

“ಯಾಕ ಹೇಳಲಿಲ್ರೀ ಅತ್ತಿ?” ಎಂದರೆ, “ಅವಗ ಆ ಬಂಡೀದೇ ಒಂದು ಚಿಂತಿ. ಅದರಾಗ ನಂದೊಂದು ಯಾಕ ಬೇ” ಎಂದರು.

ಕಾರಿನ ಕೆಳಗೆ ಒಂದು ಹನಿ ಬಿದ್ದರೆ ಮೊಳಕಾಲೂರಿ ನೋಡುವ ಮನುಷ್ಯ, ತಾಯಿ ಸುರಿದ ಚಹಾ ನೋಡಿರಲಿಲ್ಲ. ನಾನೇನು ನೋಡಿದ್ದೆ? ನನಗೂ ನಾಚಿಕೆಯಾಯಿತು. ಇವರು ಆ ದಿನ ಊಟ ಬಿಟ್ಟರು.

ರಾಯಚೂರಿನ ಕಣ್ಣಿನ ಡಾಕ್ಟರು ನೋಡಿ, ಆಪರೇಷನ್ ಆಗಲೇಬೇಕು ಎಂದರು. ಆಗಿನ ಆಪರೇಷನ್ ಈಗಿನ ಹಾಗಲ್ಲ. ಕಣ್ಣಿಗೆ ಹೊಲಿಗೆ, ಮೇಲೆ ಪಟ್ಟಿ, ದಿನಗಟ್ಟಲೆ ಅಂಗಾತ ಮಲಗುವುದು. ಮನೆಗೆ ಕರೆದೊಯ್ಯುವಾಗ ಜೋಲಿ ಹೊಡೆಯಬಾರದು, ಬಿಸಿಲಲ್ಲಿ ಕೂಡಿಸಬಾರದು, ಧೂಳು ತಾಗಬಾರದು. ಇರುವುದೇ ಒಂದು ಕಣ್ಣು, ಹೊಲಿಗೆ ಬಿಚ್ಚಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದರು. ನಮ್ಮ ಕಡೆಯ ಬಸ್ಸು, ಅದರ ಕಿಟಕಿ, ಅದರ ಕುಲುಕಾಟ ನೆನೆದು ಬಸ್ಸು ಬೇಡವೆಂದುಕೊಂಡೆವು. ಉಳಿದದ್ದು ಬಾವಿಗೊಮ್ಮೆ ನಿಲ್ಲುವ ನಮ್ಮ ಕಾರು.

ಅತ್ತೆ ಒಪ್ಪಿದರು, ತಮ್ಮದೇ ಷರತ್ತಿನ ಮೇಲೆ. “ಹೋಗೂವಾಗ ಬಸ್ಸಿಗೇ ಹೋಗ್ತೀನಿ. ಬರೂವಾಗ ಹೆಂಗೂ ಕಣ್ಣು ಕಟ್ಟಿರ್ತಾರ, ಅವ ಯಾವುದ್ರಾಗ ಹೇರ್ಕೊಂಡು ಬಂದ್ರೂ ನನಗೇನು ಕಾಣಿಸ್ತದ?”

ಇವರು ಹೈದರಾಬಾದಿನ ಅಂಗಡಿಯೊಂದಕ್ಕೆ ಕಾಗದ ಬರೆದರು. ಹದಿನೈದು ದಿನಕ್ಕೆ ಪಾರ್ಸೆಲ್ ಬಂತು. ಅದರಲ್ಲಿ ಹೊಸ ಥರ್ಮೋಸ್ಟಾಟ್, ಜೊತೆಗೆ ಇಂಜಿನ್ ತಂಪಿಡುವ ಕೂಲಂಟ್ ಎಂಬ ಹಸಿರು ದ್ರವದ ಡಬ್ಬಿ. ಹಾಕುವ ಮೊದಲು ಬಿಸಿನೀರಿನಲ್ಲಿಟ್ಟು ಬಾಯಿ ಬಿಡುತ್ತದೋ ನೋಡಬೇಕೆಂದು ಪುಸ್ತಕದಲ್ಲಿತ್ತು. ನಾನು ಶಾಲೆಯಿಂದ ಬರುವಷ್ಟರಲ್ಲಿ ನನ್ನ ಹಾಲಿನ ಪಾತ್ರೆ ಸ್ಟೋವಿನ ಮೇಲೆ, ಅದರೊಳಗೆ ಬಿಲ್ಲೆ, ಎದುರಿಗೆ ಪುಸ್ತಕ ಹಿಡಿದು ಇವರು. ಶಾಖ ಅಳೆಯಲು ಎತ್ತುಗಳ ಜ್ವರ ನೋಡುವ ಥರ್ಮಾಮೀಟರನ್ನು ಅದ್ದಿದರು. ಅದು ಎತ್ತಿನ ಮೈಶಾಖವನ್ನಷ್ಟೇ ಕಂಡದ್ದು, ಟಪ್ಪೆಂದು ಒಡೆಯಿತು. ಪಾದರಸ ಬಿದ್ದ ಹಾಲಿನ ಪಾತ್ರೆಯನ್ನು ಆಮೇಲೆ ಕಾರಿಗೇ ಉಂಬಳಿ ಬಿಟ್ಟೆ. ಆದರೆ ಬಿಲ್ಲೆ ಮಾತ್ರ ನೀರು ಕುದಿಯುವ ಸ್ವಲ್ಪ ಮೊದಲು ಮೆಲ್ಲಗೆ ಬಾಯಿ ಬಿಟ್ಟಿತು. ನಿಜ ಹೇಳಬೇಕೆಂದರೆ, ನನಗೂ ಖುಷಿಯಾಯಿತು.

“ಏನು ಅಡಗಿ ಬೇ ಇವತ್ತ?” ಎಂದು ಅತ್ತೆ ಒಳಗಿನಿಂದ ಕೇಳಿದರು.

“ಕಾರಿನ ಗಂಟಲಾ ಕುದಸಾಕತ್ತಾರ್ರೀ” ಎಂದೆ.

ಆಮೇಲೆ ನೀರಿನ ಪ್ರಶ್ನೆ. ಕೂಲಂಟಿಗೆ ಅರ್ಧಕ್ಕರ್ಧ ಮೆದು ನೀರು ಬೆರೆಸಬೇಕೆಂದು ಪುಸ್ತಕ ಹೇಳಿತ್ತು. ಸವಳು ನೀರು ಹಾಕಿದರೆ ಒಳಗೆಲ್ಲ ಸುಣ್ಣ ಕಟ್ಟುತ್ತದೆ. ಯಾವ ಬಾವಿಯ ನೀರು ಮೆದು ಎಂದು ಇವರ ಪುಸ್ತಕಕ್ಕೆ ಗೊತ್ತಿರಲಿಲ್ಲ. ನಮ್ಮ ಕಡೆ ಅದನ್ನು ಹೇಳುವುದು ತೊಗರಿಬೇಳೆ. ಸವಳು ನೀರಿನಲ್ಲಿ ಬೇಳೆ ಎಷ್ಟು ಹೊತ್ತು ಕುದಿಸಿದರೂ ಬೇಯುವುದಿಲ್ಲ. ಮೂರು ಬಾವಿಯ ನೀರು ತಂದು, ಮೂರು ಗಡಿಗೆಯಲ್ಲಿ ಹಿಡಿಹಿಡಿ ಬೇಳೆ ಹಾಕಿ ಕುದಿಸಿದೆ. ಊರಾಚೆಯ ಬಾವಿಯ ನೀರಿನಲ್ಲಿ ಬೇಳೆ ಬೆಣ್ಣೆಯಂತೆ ಬೆಂದಿತು. ಆ ನೀರು ಕಾರಿಗೆ ಹೋಯಿತು, ಮೂರೂ ಗಡಿಗೆಯ ಬೇಳೆಯನ್ನು ಮೂರು ದಿನ ನಾವು ಉಂಡೆವು.

ಭಾನುವಾರ ಬೆಳಗ್ಗೆ ಕೆಲಸ ಶುರುವಾಯಿತು. ರೇಡಿಯೇಟರಿನ ಕೆಳಗಿನ ತಿರುಪು ಬಿಚ್ಚಿದ ಕೂಡಲೇ ಹಳದಿ ನೀರು ಅಂಗಳದ ತುಂಬ ಹರಿಯಿತು. ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಮೂಗರಳಿಸಿ, “ಯಾರ್ನ ಮದುಮಗ ಮಾಡಾಕತ್ತೀರಿ?” ಎಂದರು. ಇವರು ಮೇಲಿನ ಕೊಳವೆ ಕಿತ್ತು, ಎರಡು ಬೋಲ್ಟು ಬಿಚ್ಚಿ, ಮುಚ್ಚಳ ಎತ್ತಿ, ಅಂಟಿದ್ದ ಹಳೇ ಕಾಗದವನ್ನು ಕೆರೆದು ತೆಗೆದರು. ಹೊಸ ಬಿಲ್ಲೆಯನ್ನು ಸ್ಪ್ರಿಂಗ್ ಕೆಳಗೆ ಬರುವಂತೆ ಕೂಡಿಸಿದರು. ನೀರು ಸೋರದಂತೆ ಮುಚ್ಚಳದ ಕೆಳಗೆ ಕೊಡಲು ರಟ್ಟು ಬೇಕಾಯಿತು. ನನ್ನ ಹಾಜರಿ ಪುಸ್ತಕದ ಹಿಂದಿನ ರಟ್ಟು ಹೋದದ್ದು ಅಂದು. ಹೆಡ್ ಮಾಸ್ತರರಿಗೆ ಇಲಿ ತಿಂದಿತೆಂದು ಹೇಳಿದೆ, ಆ ಇಲಿಗೆ ಆಗ ಮೀಸೆಯೂ ಇತ್ತು.

ಕೊನೆಗೆ ಹಸಿರು ನೀರನ್ನು ಬಾಯಿತನಕ ತುಂಬಿ, ಮುಚ್ಚಳ ತಿರುಗಿಸಿ, ಇವರು ಪೂಜೆ ಮುಗಿಸಿದ ಅಯ್ಯನವರಂತೆ ಕೈ ತೊಳೆದರು. ಒಂದು ಮಾತು ಹೇಳಬೇಕು. ನಮ್ಮ ಅಂಗಳ ಬೀದಿಯ ಕಡೆಗೆ ಇಳಿಜಾರು. ಬ್ಯಾಟರಿ ಸತ್ತರೆ ಉರುಳಿಸಿ ಚಾಲೂ ಮಾಡಲು ಬರಲೆಂದು ಇವರು ಕಾರನ್ನು ಯಾವಾಗಲೂ ಮೂತಿ ಕೆಳಗಾಗಿ ನಿಲ್ಲಿಸುತ್ತಿದ್ದರು. ಅಂದೂ ಹಾಗೆಯೇ ನಿಲ್ಲಿಸಿ ತುಂಬಿದ್ದರು.

ಮುಂದಿನ ವಾರ ಅತ್ತೆಯನ್ನು ನಾನು ಬಸ್ಸಿನಲ್ಲಿ ರಾಯಚೂರಿಗೆ ಕರೆದೊಯ್ದೆ. ಆಪರೇಷನ್ ಆಯಿತು. ಮನೆಗೆ ಬಿಡುವ ದಿನ ಇವರು ಕಾರು ತಂದರು. “ಹೆಂಗ ಬಂತ್ರೀ?” ಎಂದು ಕೇಳಿದೆ. “ಎಲ್ಲೂ ನಿಲ್ಲಲಿಲ್ಲ” ಎಂದರು. ಬೆಳಗಿನ ತಂಪಿನಲ್ಲಿ, ಒಬ್ಬರೇ ಬರುವಾಗಲೂ ಶಾಖದ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿತ್ತೆಂಬುದನ್ನು ನನಗೆ ಹೇಳಲಿಲ್ಲ.

ಅತ್ತೆಯ ಎರಡೂ ಕಣ್ಣಿಗೆ ಪಟ್ಟಿ. ಹಿಂದಿನ ಸೀಟಿನಲ್ಲಿ ಅವರ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದು ಕೂತೆ. ಕಿಟಕಿಗಳಿಗೆ ಹಸಿ ಬಟ್ಟೆ ಕಟ್ಟಿದ್ದೆವು. ಇವರು ಕಾರನ್ನು ಎಷ್ಟು ನಿಧಾನ ನಡೆಸುತ್ತಿದ್ದರೆಂದರೆ ಸೈಕಲ್ಲಿನವರೂ ನಮ್ಮನ್ನು ದಾಟಿ ಹೋಗಿ, ತಿರುಗಿ ನೋಡಿ ನಗುತ್ತಿದ್ದರು. ಕಲ್ಮಲ ದಾಟಿ ಸ್ವಲ್ಪ ದೂರ ಹೋಗಿರಬೇಕು. ಮುಂದೆ ಒಂದು ಹಳ್ಳದ ಇಳಿಜಾರು. ಅದರ ನೆತ್ತಿಗೆ ಬಂದಾಗ ಸುಟ್ಟ ವಾಸನೆ ಹೊಡೆಯಿತು, ಇವರು ಇಂಜಿನ್ ಆರಿಸಿದರು.

ಹೊರಗೆ ಉರಿಬಿಸಿಲು, ಒಂದು ಗಾಳಿ ಬೀಸಿದರೂ ಸಾಕು, ಕೆಂಪು ಧೂಳು ಏಳುತ್ತಿತ್ತು. “ಬ್ಯಾಳಿ ಬೇಸಿದ್ದು ಇದಕ್ಕೇನ್ರೀ?” ಎಂದು ಸಿಟ್ಟಿನಿಂದ ಕೂಗಿದೆ. ಇವರು ಕೊಡ ತೆಗೆದುಕೊಂಡು ಹತ್ತಿರದ ಬಾವಿಯ ಕಡೆ ಹೊರಟರು.

ಆಗ ನನ್ನ ತೊಡೆಯ ಮೇಲಿಂದ ಅತ್ತೆ ಮಾತಾಡಿದರು. “ತಮ್ಮಾ, ನೀರು ತರಾಕ ಹೋಗಬ್ಯಾಡ, ನಿಲ್ಲು. ಅದಕ್ಕ ನೀರಡಕಿ ಆಗಿಲ್ಲ. ಊರು ಬಿಟ್ಟಾಗಿಂದ ಕೇಳಾಕತ್ತೀನಿ, ಒಳಗ ಗುಳುಗುಳು ಅನ್ನಾಕತ್ತದ. ಅದಕ್ಕ ಹೊಟ್ಟಿ ಉಬ್ಬ್ಯಾದ.”

ಇವರು ನಿಂತರು.

“ಮೂತಿ ಯಾವ ಕಡಿಗೆ ಅದ?”

“ಇಳುಕಲಿಗೆ ಯವ್ವಾ.”

“ಹುಚ್ಚಪ್ಪಾ! ಉಬ್ಬರ ಆದ ಕುರೀನ ಯಾರಾರ ತೆಲಿ ತಳಗ ಮಾಡಿ ನಿಲ್ಲಸ್ತಾರೇನು? ಗಾಳಿ ಹೆಂಗ ಹೊರಗ ಬರಬೇಕು? ಮುಂಗಾಲು ಏರಿಗೆ ಹಾಕು, ಬಾಯಿ ತೆರೆದಿಡು, ತಾನ ತೇಗ್ತದ.”

ಹಸಿ ಮೇವು ತಿಂದು ಹೊಟ್ಟೆ ಉಬ್ಬಿದ ಕುರಿಯನ್ನು ಏರಿಗೆ ಮುಂಗಾಲು ಮಾಡಿ ನಿಲ್ಲಿಸುವುದು, ಬಾಯಲ್ಲಿ ಅಡ್ಡಕಡ್ಡಿ ಕೊಟ್ಟು ತೇಗಿಸುವುದು ಇವರು ನಡೆಯುವುದಕ್ಕಿಂತ ಮೊದಲು ತಾಯಿಯಿಂದ ಕಲಿತ ವಿದ್ಯೆ. ಇಡೀ ತಾಲೂಕಿಗೆ ಇದನ್ನೇ ಹೇಳಿಕೊಡುತ್ತಿದ್ದ ಡಾಕ್ಟರ್ ಸಾಹೇಬರು ಹಣೆ ಹಣೆ ಬಡಿದುಕೊಂಡರು.

ಬ್ರೇಕು ಬಿಟ್ಟರು. ಇಂಜಿನ್ ಇಲ್ಲದೆ ಕಾರು ಮೆಲ್ಲಗೆ ಹಳ್ಳಕ್ಕಿಳಿದು, ಒಣಗಿದ ಪಾತ್ರ ದಾಟಿ, ಆ ರಭಸಕ್ಕೆ ಆಚೆಯ ಏರನ್ನು ಅರ್ಧ ಹತ್ತಿ ನಿಂತಿತು, ಜಾಲಿಮರದ ನೆರಳಿಗೆ ಸರಿಯಾಗಿ. ನಾನು ಅತ್ತೆಯ ತಲೆಯ ಕೆಳಗೆ ಸೀರೆಯ ಗಂಟು ಕೊಟ್ಟು, ಇಳಿದು ಹಿಂದಿನ ಗಾಲಿಗೆ ಕಲ್ಲಿಟ್ಟೆ. ಇಂಜಿನ್ ಪೂರಾ ಆರುವವರೆಗೆ ಕಾದೆವು. ಆಮೇಲೆ ಮುಚ್ಚಳ ತೆಗೆದು, ಇಂಜಿನ್ ಚಾಲೂ ಮಾಡಿ ಹಾಗೆಯೇ ಬಿಟ್ಟರು. ಬಿಲ್ಲೆ ಬಾಯಿ ಬಿಟ್ಟಿರಬೇಕು, ಒಮ್ಮೆಲೇ ಒಳಗಿನಿಂದ ಗುಳಕ್, ಗುಳಕ್ ಎಂದು ದೊಡ್ಡ ಗುಳ್ಳೆಗಳು ಬಂದವು. ಹಸಿರು ನೀರು ಸರ್ರನೆ ಕೆಳಗಿಳಿಯಿತು. ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಸುರಿದರು, ಎರಡು ಚೆಂಬಿನಷ್ಟು ಹಿಡಿಯಿತು. ಬಿಲ್ಲೆ, ರಟ್ಟು, ಬೇಳೆ ಬೇಯುವ ನೀರು ಯಾವುದರದೂ ತಪ್ಪಿರಲಿಲ್ಲ. ಅಷ್ಟು ಗಾಳಿ ಒಳಗೆ ಸಿಕ್ಕಿಕೊಂಡಿತ್ತು, ಅಷ್ಟೇ.

“ತೇಗಿತೇನು?” ಎಂದರು ಅತ್ತೆ.

“ತೇಗಿತು ಯವ್ವಾ.”

“ಹಂಗಾರ ನಡಿ.”

ದೇವದುರ್ಗದವರೆಗೆ ಮುಳ್ಳು ನಡುವೆ ನಿಂತದ್ದು ಅಲುಗಲಿಲ್ಲ. ದಾರಿಯ ಬಾವಿಗಳೆಲ್ಲ ಹಿಂದೆ ಹೋದವು. ನಾನು ಒಂದೊಂದನ್ನೂ ಅತ್ತೆಗೆ ಹೇಳುತ್ತ ಬಂದೆ.

ಹೊಲಿಗೆ ಒಣಗಿ, ದಪ್ಪ ಗಾಜಿನ ಕನ್ನಡಕ ಬರಲು ತಿಂಗಳ ಮೇಲಾಯಿತು. ಅದನ್ನು ಇವರೇ ರಾಯಚೂರಿನಿಂದ ತಂದರು. ಅಂದು ಬೆಳಗ್ಗೆಯೇ ಕಾರನ್ನು ತೊಳೆದು, ಒರೆಸಿ, ಕಟ್ಟೆಯ ಎದುರಿಗೆ ನಿಲ್ಲಿಸಿದ್ದರು, ಮೂತಿ ಮೇಲಾಗಿ. ತಾಯಿ ಮೊದಲು ನೋಡುವುದು ಅದನ್ನೇ ಆಗಬೇಕೆಂದು ಆಸೆ. ಇವರೇ ಬಾಗಿ ಕನ್ನಡಕವನ್ನು ಅತ್ತೆಯ ಮೂಗಿನ ಮೇಲೆ ಕೂಡಿಸಿದರು.

ಅತ್ತೆ ಕಾರನ್ನು ನೋಡಲಿಲ್ಲ. ಎದುರಿಗೆ ಬಾಗಿದ್ದ ಮಗನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೈಯೆತ್ತಿ ಇವರ ಕಿವಿಯ ಮೇಲಿನ ಕೂದಲು ಮುಟ್ಟಿದರು.

“ಯಪ್ಪಾ, ನಿನ್ನ ತೆಲಿ ಯಾವಾಗ ಬೆಳ್ಳಗಾತೋ?”

ಎರಡು ವರ್ಷವಾಗಿತ್ತು ಬೆಳ್ಳಗಾಗಿ. ಎರಡು ವರ್ಷ ತಾಯಿ ಮಗ ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಕೂತು ಉಂಡಿದ್ದರು. ಇವರು ಎದ್ದು ಹೋಗಿ ಕಾರಿನ ಬಾನೆಟ್ ಎತ್ತಿ, ಅದರೊಳಗೆ ತಲೆ ಹಾಕಿ ನಿಂತರು. ಇಂಜಿನ್ ತಣ್ಣಗಿತ್ತು.

“ಏನಾಗ್ಯಾದ ಬೇ ಅದಕ್ಕ?” ಎಂದರು ಅತ್ತೆ.

“ಏನೂ ಆಗಿಲ್ರೀ, ಸ್ವಲ್ಪ ಹೊತ್ತು ಬಿಡ್ರಿ” ಎಂದು ನಾನು ಚಹಾ ಇಡಲು ಒಳಗೆ ಹೋದೆ.