ಹಾವಿನ ತಲೆಗೊಂದು ಗುಂಡಿ

ತುಂಬಿದ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗುವುದಕ್ಕೆ ನಾನು ಎಂದೂ ಹೆದರಿದವನಲ್ಲ. ಆದರೆ ಅಂಗಿಯ ಗುಂಡಿಯೊಂದು ಕಿತ್ತು ನೆಲಕ್ಕೆ ಬಿದ್ದರೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ. ಮಂಚದಡಿ ತೂರಿ ಅದನ್ನು ಹುಡುಕಿ ತೆಗೆಯುವವರೆಗೂ ಊಟ ಸೇರುವುದಿಲ್ಲ. ನಗಬೇಡಿ, ಕಾರಣ ಹೇಳುತ್ತೇನೆ.

ತೊಂಬತ್ತರ ದಶಕದ ಮೊದಮೊದಲ ವರ್ಷಗಳು. ನಾನು ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದೆ. ಮನೆ ಮುಲುಂಡಿನಲ್ಲಿ, ಒಂದು ಕೋಣೆ, ಒಂದು ಅಡುಗೆಮನೆ, ಹೆಂಡತಿ ವಿಮಲಾ, ಆಗಷ್ಟೇ ಅಂಬೆಗಾಲಿಡಲು ಕಲಿತಿದ್ದ ಮಗಳು ಪುಟ್ಟಿ. ವಿಮಲಾಳ ತಮ್ಮ ಪ್ರಕಾಶ ಸರಕು ಹಡಗಿನಲ್ಲಿ ಕೆಲಸಕ್ಕಿದ್ದ. ರಜೆಯಲ್ಲಿ ಬಂದವನು ಯಾವುದೋ ದೂರದ ಬಂದರಿನಿಂದ ಒಂದು ಕಟ್ಟು ಎಲೆ ತಂದಿದ್ದ. ಇಸ್ಪೀಟಿನವಲ್ಲ, ಮಾಟಗಾರರು, ದೈತ್ಯರು, ಬಿಲ್ಲುಗಾರರ ಚಿತ್ರವಿದ್ದ ಎಲೆಗಳು.

"ಇದಕ್ಕೆ ಕೌಂಟರ್ ಬೇಕು ಭಾವ," ಎಂದ.

ನನಗೆ ಗೊತ್ತಿದ್ದ ಕೌಂಟರ್ ಒಂದೇ, ಸ್ಟೇಷನ್ನಿನಲ್ಲಿ ಪಾಸ್ ಕೊಡುವ ಕಿಂಡಿ. ಪ್ರಕಾಶ ನಕ್ಕು ವಿವರಿಸಿದ. ಎಲೆಯ ಮೇಲೆ ಅಚ್ಚಾದ ಬಲ ಆಟದ ನಡುವೆ ಹೆಚ್ಚುಕಡಿಮೆ ಆಗುತ್ತದೆ. ಎಲೆಯ ಮೇಲೆ ಗೀಚುವಂತಿಲ್ಲ. ಹಾಗಾಗಿ ಬಲ ಏರಿದಂತೆಲ್ಲ ಒಂದೊಂದು ಗುರುತು ಇಡಬೇಕು, ಪೆಟ್ಟು ಬಿದ್ದರೆ ತೆಗೆಯಬೇಕು, ಪ್ರಾಣಿ ಸತ್ತರೆ ಗುರುತುಗಳೆಲ್ಲ ಡಬ್ಬಿಗೆ ವಾಪಸು. ಎಂಥ ಜಾಣ ಏರ್ಪಾಡು ಅನ್ನಿಸಿತು. ನಮ್ಮ ಪುರಾಣಗಳಲ್ಲಿ ಹೀಗೆ ಯಾರೂ ಗುರುತಿಡಲಿಲ್ಲ. ಭಸ್ಮಾಸುರನ ಕೈಯ ಮೇಲೆ ಒಂದು ಗುರುತು ಇಟ್ಟಿದ್ದರೆ ಪಾಪ, ತಲೆಯ ಮೇಲೆ ಇಟ್ಟುಕೊಳ್ಳುವ ಮೊದಲು ನೋಡಿಕೊಳ್ಳುತ್ತಿದ್ದನೋ ಏನೋ.

ವಿಮಲಾ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಅವಳ ಡಬ್ಬಿಯ ಕೆಂಪು ಗುಂಡಿಗಳೇ ನಮ್ಮ ಕೌಂಟರ್‌ಗಳಾದವು.

ಆ ಭಾನುವಾರ ಮಧ್ಯಾಹ್ನ ಚಾಪೆಯ ಮೇಲೆ ಆಟ ಹೂಡಿದ್ದೆವು. ನನ್ನ ಕಡೆ ಒಂದು ಬಹುತಲೆಯ ಹಾವು. ತಲೆಗೊಂದು ಗುಂಡಿ, ಒಟ್ಟು ಐದು. ಪ್ರಕಾಶನ ಬಿಲ್ಲುಗಾರ ಬಾಣ ಬಿಡುತ್ತಿದ್ದ. ಅಷ್ಟರಲ್ಲಿ ಗ್ಯಾಸ್ ಸಿಲಿಂಡರ್ ಬಂತು. ಒಳಗೆ ಎತ್ತಿಡಲು ವಿಮಲಾ ಕೂಗಿದಳು, ಇಬ್ಬರೂ ಎದ್ದೆವು. ಮಲಗಿದ್ದ ಪುಟ್ಟಿ ಎದ್ದದ್ದನ್ನು ಯಾರೂ ನೋಡಲಿಲ್ಲ. ಮರಳಿ ಬಂದಾಗ ಅವಳು ಚಾಪೆಯ ನಡುವೆ ಕೂತು ಹಾವಿನ ಎಲೆಯ ಮೂಲೆ ಚೀಪುತ್ತಿದ್ದಳು. ನೆಲದ ಮೇಲೆ ಮೂರು ಗುಂಡಿ.

"ಮೂರೇ ಭಾವ, ಸರಿಯಾಗಿದೆ. ಎರಡು ಸಲ ಹೊಡೆದಿದ್ನಲ್ಲ," ಎಂದ ಪ್ರಕಾಶ.

"ಎರಡನೇ ಬಾಣಕ್ಕೆ ನಾನು ಗೋಡೆಯ ಎಲೆ ಅಡ್ಡ ಇಟ್ಟೆನಲ್ಲೋ. ನಾಲ್ಕಿರಬೇಕು," ಎಂದೆ.

ಹೇಳಿದ ಮೇಲೆ ಆ ಮಾತಿನ ಅರ್ಥ ನನಗೇ ಹೊಳೆಯಿತು: ಒಂದು ಗುಂಡಿ ಪುಟ್ಟಿಯ ಬಾಯಿಗೆ ಹೋಗಿರಬೇಕು. ಜೀವನದಲ್ಲಿ ಮೊದಲ ಬಾರಿಗೆ ವಾದದಲ್ಲಿ ಸೋಲಬೇಕೆಂದು ಹಂಬಲಿಸಿದೆ. ಆದರೆ ಗೋಡೆಯ ಎಲೆ ಅಲ್ಲೇ, ಅಡ್ಡಡ್ಡ ಬಿದ್ದಿತ್ತು. ವಿಮಲಾ ಮಗುವಿನ ಬಾಯಿಗೆ ಬೆರಳು ಹಾಕಿ ನೋಡಿದಳು. ಏನೂ ಇಲ್ಲ. ಡಬ್ಬಿ ಸುರಿದೆವು, ಚಾಪೆ ಕೊಡವಿದೆವು. ಅಷ್ಟರಲ್ಲಿ ಪುಟ್ಟಿ ಒಮ್ಮೆ ಕೆಮ್ಮಿದಳು.

"ರೀ, ನಡೀರಿ!" ವಿಮಲಾ ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದಿದ್ದಳು.

ರಿಕ್ಷಾದಲ್ಲಿ ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿದ್ದೆ. ಉಸಿರು ತಾಗಿದಾಗಲೆಲ್ಲ ಬದುಕುತ್ತಿದ್ದೆ, ಮುಂದಿನದು ಬರುವವರೆಗೆ ಸಾಯುತ್ತಿದ್ದೆ. ಡಾಕ್ಟರು ಮರಾಠಿಯವರು, ಊಟ ಮುಗಿಸಿ ಅಡ್ಡಾಗಿದ್ದವರು ಬನಿಯನ್ನಿನಲ್ಲೇ ಬಾಗಿಲು ತೆರೆದರು. ಏದುಸಿರಿನಲ್ಲಿದ್ದ ಪ್ರಕಾಶ, "ಡಾಕ್ಟರ್‌ಸಾಬ್, ಸಾಂಪ್ ಕಾ ಏಕ್ ಸರ್ ಕಮ್ ಹೈ!" ಎಂದು ಹಿಂದಿಯಲ್ಲಿ ಹೇಳಿಬಿಟ್ಟ, ಹಾವಿನ ಒಂದು ತಲೆ ಕಡಿಮೆಯಿದೆ ಅಂತ.

"ಸಾಂಪ್? ಕಹಾಂ ಕಾಟಾ?" ಎಂದು ಅವರು ಹಾವು ಕಚ್ಚಿದ ಗಾಯಕ್ಕಾಗಿ ಮಗುವಿನ ಕಾಲು ನೋಡತೊಡಗಿದರು.

"ಹಾವೂ ಇಲ್ಲ, ಗೀವೂ ಇಲ್ಲ. ಗುಂಡಿ ನುಂಗಿದ್ದಾಳೆ, ಬಟನ್ ನಿಗಲ್ ಗಯೀ!" ಎಂದು ವಿಮಲಾ ಅತ್ತಳು.

ಡಾಕ್ಟರು ಟಾರ್ಚಿನ ಬೆಳಕು ಬಿಟ್ಟು ಗಂಟಲು ನೋಡಿದರು, ಎದೆಗೆ, ಬೆನ್ನಿಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಅಷ್ಟರಲ್ಲಿ ನನಗೆ ಗೊತ್ತಿದ್ದ ದೇವರ ಹೆಸರುಗಳೆಲ್ಲ ಮುಗಿದವು. ಉಸಿರು ಎರಡೂ ಕಡೆ ಚೆನ್ನಾಗಿದೆ ಎಂದರು. ಹೊಟ್ಟೆಗೆ ಹೋಗಿದ್ದರೆ ತಾನಾಗಿ ಹೊರಬರುತ್ತದೆ; ಕೆಮ್ಮು ಹೆಚ್ಚಾದರೆ, ಉಸಿರು ಕಟ್ಟಿದರೆ ಆಸ್ಪತ್ರೆಗೆ ಓಡಿ; ಅಲ್ಲಿಯವರೆಗೆ ಕಣ್ಣಿಟ್ಟಿರಿ.

ಕಣ್ಣಿಟ್ಟೆವು. ಪುಟ್ಟಿ ನಕ್ಕರೂ ಹೆದರಿದೆವು, ಸೀನಿದರೂ ಹೆದರಿದೆವು, ನೆಮ್ಮದಿಯಾಗಿ ನಿದ್ದೆ ಮಾಡಿದಾಗಂತೂ ಎಲ್ಲಕ್ಕಿಂತ ಹೆಚ್ಚು ಹೆದರಿದೆವು. ಮರುದಿನ ನಾನು ಕೆಲಸಕ್ಕೆ ಹೋಗಲಿಲ್ಲ.

ಮಧ್ಯಾಹ್ನ ಬಚ್ಚಲಿನಿಂದ ವಿಮಲಾಳ ಕೂಗು ಕೇಳಿತು. ಓಡಿದೆವು. ಅವಳು ಕಣ್ಣೀರಿನಲ್ಲೇ ನಗುತ್ತ ಅಂಗೈ ಚಾಚಿದಳು. ತೊಳೆದ ಕೆಂಪು ಗುಂಡಿ. ಒಂದಲ್ಲ, ಎರಡು.

ಪ್ರಕಾಶ ಬೆರಳು ಮಡಚಿ ಲೆಕ್ಕ ಹಾಕಿದ. "ಮೊದಲ್ನೇ ಬಾಣ ಬಿಟ್ಟೆ ಅಂದೆ... ಗುಂಡಿ ತೆಗೆಯೋದೇ ಮರೆತಿದ್ದೆ ಭಾವ, ಐದೂ ಅಲ್ಲೇ ಇದ್ವು," ಎಂದ ಮೆಲ್ಲಗೆ.

ನಾನು ಬಚ್ಚಲ ಹೊಸ್ತಿಲ ಮೇಲೇ ಕುಸಿದು ಕೂತೆ. ಒಂದು ಇಡೀ ದಿನ ನಾವು ಮೂವರೂ ಪ್ರಾಣ ಕೈಯಲ್ಲಿ ಹಿಡಿದು ಹೆದರಿದ್ದು ಒಂದೇ ಒಂದು ಗುಂಡಿಗೆ. ಇನ್ನೊಂದು, ನಮ್ಮ ಹೆದರಿಕೆಯ ಸಹಾಯವೇ ಇಲ್ಲದೆ, ತನ್ನ ಪಾಡಿಗೆ ತಾನು ಕ್ಷೇಮವಾಗಿ ಬಂದು ತಲುಪಿತ್ತು.