ಅಣ್ಣ ಇಳಿಯದ ಹಡಗು

ನನ್ನಣ್ಣ ಧೈರ್ಯದಿಂದ ಹಡಗಿನಲ್ಲೇ ಉಳಿದ ಎಂದು ವಾಡಿಯ ನಮ್ಮ ಓಣಿಯವರೆಲ್ಲ ಹೇಳುತ್ತಾರೆ. ಶಹಾಬಾದಿನ ಮದುವೆಗೆ ಹೋದರೂ ಇದೇ ಕತೆ. ನಾನು ಒಪ್ಪುವುದಿಲ್ಲ. ಅವನು ಉಳಿದದ್ದು ನಮ್ಮ ಕಾಕಾ ಉಳಿ ಎಂದಿದ್ದಕ್ಕೆ. ಧೈರ್ಯದ ಕತೆ ಕಟ್ಟಿದವರೂ ಕಾಕಾನೇ.

ಅಣ್ಣ ಸರಕು ಹಡಗಿನಲ್ಲಿ ಇಂಜಿನ್ ಕೆಲಸಕ್ಕೆ ಸೇರಿದ್ದ. ಮಾಲೀಕ ಒಂದು ದೇಶದವನು, ಹಡಗಿನ ಬಾವುಟ ಇನ್ನೊಂದು ಬಡ ದೇಶದ್ದು. ಶುಲ್ಕ ಕಟ್ಟಿದವರಿಗೆಲ್ಲ ಬಾವುಟ ಕೊಡುವ ಆ ದೇಶದ ದಂಡೆಯನ್ನು ಈ ಹಡಗು ಒಮ್ಮೆಯೂ ಕಂಡಿರಲಿಲ್ಲ. ಆದರೂ ಕಾನೂನಿನ ಪ್ರಕಾರ ಹಡಗಿನೊಳಗಿನವರಿಗೆ ಆ ದೇಶವೇ ದಿಕ್ಕು! ಆಫ್ರಿಕಾದ ಒಂದು ಬಂದರಿನಲ್ಲಿ ಮಾಲೀಕನ ಮೇಲೆ ದಾವೆ ಬಿದ್ದು ಹಡಗು ಜಪ್ತಿಯಾಯಿತು. ಮಾಲೀಕ ಫೋನ್ ಎತ್ತುವುದನ್ನೇ ಬಿಟ್ಟ. ಬಾವುಟದ ದೇಶ ಉತ್ತರಿಸಲೇ ಇಲ್ಲ. ಉಳಿದ ನಾವಿಕರು ತಮ್ಮ ತಮ್ಮ ರಾಯಭಾರ ಕಚೇರಿಗಳ ಬೆನ್ನು ಹತ್ತಿ ಊರಿಗೆ ಹೊರಟರು. ಅಣ್ಣನೂ ಚೀಲ ಕಟ್ಟಿ, ಒಂದು ಮಾತು ಕೇಳೋಣವೆಂದು ಕಾಕಾಗೆ ಫೋನ್ ಮಾಡಿದ.

ಕಾಕಾ ರಾವೂರಿನಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಗಣಿ ನಡೆಸಿದವರು. ಅಲ್ಲಿ ಒಂದು ರೂಢಿ: ಕೂಲಿ ಕೈಗೆ ಬರುವವರೆಗೆ ತಾನು ಸೀಳಿದ ಕಲ್ಲಿನ ರಾಶಿ ಬಿಟ್ಟು ಯಾರೂ ಕದಲುವುದಿಲ್ಲ. ಕದಲಿದರೆ ಕಲ್ಲು ಲಾರಿ ಹತ್ತುತ್ತದೆ, ಕೂಲಿ ಕೇಳಲು ಗುರುತೂ ಉಳಿಯುವುದಿಲ್ಲ.

“ಇಳೀಬ್ಯಾಡ,” ಅಂದರು ಕಾಕಾ, ಅವ್ವನ ಮುಂದೆ ಸ್ಪೀಕರ್ ಹಾಕಿ. “ಇಳದಿ ಅಂದ್ರ ಪಗಾರ ಹೋತು. ಹಡಗಂದ್ರೇನು, ನೀರಾಗಿನ ಕಲ್ಲಿನ ರಾಶಿ ಇದ್ದಂಗ. ಮ್ಯಾಲೇ ಕುಂದ್ರು.”

ಅಣ್ಣ ಕುಂತ. ಒಬ್ಬನೇ ಉಳಿದವನನ್ನು ಕಂಡ ಬಂದರಿನವರು ಕೋರ್ಟಿನಿಂದ ಅವನನ್ನೇ ಹಡಗಿನ ಕಾವಲುಗಾರನನ್ನಾಗಿ ಮಾಡಿಸಿದರು. ಜಪ್ತಿಯಾದ ಹಡಗನ್ನು ಜನರಿಲ್ಲದೆ ಬಿಡುವಂತಿಲ್ಲ. ಬದಲಿ ಆಳು ಬರಬೇಕು, ಇಲ್ಲವೇ ಹಡಗು ಹರಾಜಾಗಬೇಕು. ಅಲ್ಲಿಯವರೆಗೆ ಅವನು ಇಳಿಯುವಂತಿಲ್ಲ. ಪಾಸ್‌ಪೋರ್ಟ್ ಬಂದರಿನವರ ಕೈಯಲ್ಲಿದೆ.

ಹಡಗುಗಳ ದಾವೆ ನಡೆಸುವ ವಕೀಲರೊಬ್ಬರನ್ನು ಫೋನಿನಲ್ಲಿ ಹಿಡಿದೆ. ಅವರ ಮಾತು ಕೇಳಿ ಮೈ ಉರಿಯಿತು. ನಾವಿಕನ ಪಗಾರದ ಹಕ್ಕು ಹಡಗಿಗೇ ಅಂಟಿಕೊಂಡಿರುತ್ತದಂತೆ. ಅವನು ಇಳಿದು ಮನೆಗೆ ಬಂದರೂ ಅದು ಹೋಗುವುದಿಲ್ಲ, ಹಡಗು ಹರಾಜಾದ ಹಣದಲ್ಲಿ ಸಿಗುತ್ತದೆ. ಅಂದರೆ ಅಣ್ಣ ಎಲ್ಲರ ಜೊತೆಗೇ ಇಳಿಯಬಹುದಿತ್ತು.

ಮೊನ್ನೆ ಸೇಡಂನಿಂದ ಬೀಗರು ಬಂದಿದ್ದರು. ಕಾಕಾ ಮತ್ತೆ ಶುರು ಮಾಡಿದರು. “ನಮ್ಮ ಹುಡುಗ ಹುಲಿ ಅದಾನ್ರಿ. ಒಬ್ಬನೇ ಹಡಗ ಕಾಯ್ಲಿಕತ್ತಾನ.”

“ಕಾಯ್ಲಿಕತ್ತಿಲ್ಲ ಕಾಕಾ, ಸಿಕ್ಕಿಬಿದ್ದಾನ. ಸಿಗಿಸಿದವ್ರು ನೀವು.”

“ಏನವಾ, ಕಾಲೇಜಿನ್ಯಾಗ ಭಾಷಣದ ಕಪ್ ಗೆದ್ದೀದಿ ಅಂತ ಮನ್ಯಾಗೂ ಮೈಕ್ ಹಿಡೀತಿಯೇನು?”

ಬೀಗರು ನಕ್ಕರು. ಅವ್ವ ನಗಲಿಲ್ಲ. ಹಡಗಿನಲ್ಲಿ ಲೈಟಿಲ್ಲ, ಮಳೆನೀರು ಹಿಡಿದು ಕುಡೀಲಿಕತ್ತೀನಿ ಎಂದು ಅಣ್ಣ ಅಂದೇ ಬೆಳಿಗ್ಗೆ ಹೇಳಿದ್ದನ್ನು ಅವಳೂ ಕೇಳಿದ್ದಳು.

“ನಾ ಅವನ ಪಗಾರ ಉಳಿಸೀನಿ,” ಅಂದರು ಕಾಕಾ. “ಕಲ್ಲಿನ ಹತ್ರ ಕುಂತಾವನೇ ಗೆಲ್ತಾನ. ನಿನ್ನ ವಕೀಲಗ ಖಣಿ ಗೊತ್ತದ ಏನು?”

“ಖಣಿ ಗೊತ್ತಿಲ್ಲ, ಅದಕ್ಕೇ ಅವ್ರು ಖಣಿ ಬಗ್ಗೆ ಬುದ್ಧಿ ಹೇಳಿಲ್ಲ. ನಿಮಗ ಹಡಗ ಗೊತ್ತಿತ್ತೇನು?”

ಕಾಕಾ ಎದ್ದು ಚಪ್ಪಲಿ ಹುಡುಕತೊಡಗಿದರು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಬದಲಿಗೆ ಇನ್ನೊಬ್ರು ಹೋಗಿ ಕುಂತ್ರ ಕೋರ್ಟು ಅಣ್ಣನ್ನ ಬಿಡ್ತದಂತ. ನಿಮ್ಮ ಹತ್ರ ಪಾಸ್‌ಪೋರ್ಟ್ ಅದ. ಕುಂತಾವನೇ ಗೆಲ್ತಾನ ಅಂತೀರಲ್ಲ, ನೀವು ಹೋಗಿ ಕುಂದರ್ತೀರೇನ್ರಿ ಕಾಕಾ?”